ಬೀಗ ಹಾಗೇ ಇತ್ತು, ಬಳೆ ಇರಲಿಲ್ಲ

"ಬೀಗ ಹಾಕಿದ್ದೆವಲ್ಲ ಸರ್!"

ಮಂಗಳೂರಿನಲ್ಲಿ ಪ್ರಯಾಣ ವಿಮೆಯ ಕ್ಲೇಮು ನೋಡುವ ನನಗೆ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಬೀಗ ಹಾಕಿದರೆ ಒಳಗಿದ್ದದ್ದು ಭದ್ರ ಅಂತ ಎಲ್ಲರೂ ನಂಬುತ್ತಾರೆ.

ಕಳೆದ ವರ್ಷ ಪುತ್ತೂರಿನ ಕಡೆಯ ಒಬ್ಬರು ಅಮ್ಮ ಬಂದಿದ್ದರು. ದುಬೈಯಲ್ಲಿ ಮಗಳ ಬಾಣಂತನ ಮುಗಿಸಿ ಬಂದವರು. ಮೈಮೇಲೆ ಚಿನ್ನ ಇದ್ದರೆ ಭಯ ಅಂತ ಎರಡು ಬಳೆ ಬಿಚ್ಚಿ, ಸೀರೆಯಲ್ಲಿ ಸುತ್ತಿ, ಸೂಟ್‌ಕೇಸಿನ ತಳದಲ್ಲಿ ಇಟ್ಟಿದ್ದರು. ಮನೆಗೆ ಬಂದು ನೋಡಿದರೆ ಬೀಗ ಹಾಗೇ ಇದೆ, ಬಳೆ ಇಲ್ಲ. "ಬೀಗ ಒಡೆಯದೆ ಹೇಗೆ ತೆಗೆದರು?" ಅಂತ ಮತ್ತೆ ಮತ್ತೆ ಕೇಳಿದರು.

ನನ್ನದೇ ಬ್ಯಾಗು ಮೇಜಿನ ಮೇಲಿಟ್ಟೆ. ಜಿಪ್‌ನ ಎರಡೂ ರನ್ನರ್ ಸೇರಿಸಿ ಪುಟ್ಟ ಬೀಗ ಹಾಕಿದೆ. ಬಾಲ್‌ಪೆನ್ನಿನ ತುದಿಯನ್ನು ಜಿಪ್‌ನ ಹಲ್ಲಿನ ನಡುವೆ ಒತ್ತಿದೆ. ಹಲ್ಲು ಬಿಟ್ಟಿತು. ಕೈ ಒಳಗೆ ಹೋಯಿತು. ಆಮೇಲೆ ಬೀಗದ ಸಮೇತ ರನ್ನರ್‌ಗಳನ್ನು ಆ ಕಡೆಯಿಂದ ಈ ಕಡೆಗೆ ಎಳೆದೆ. ಜಿಪ್ ಮೊದಲಿನ ಹಾಗೇ ಕೂಡಿತು. ಅಮ್ಮ ಸುಮ್ಮನೆ ನೋಡುತ್ತಾ ಕುಳಿತರು. ಬೀಗ ಹಿಡಿದಿರುವುದು ರನ್ನರ್‌ಗಳನ್ನು ಮಾತ್ರ. ಜಿಪ್ ಕಾಯುವುದು ಅದರ ಕೆಲಸ ಅಲ್ಲ.

ಟಿಎಸ್ಎ ಬೀಗವಾದರೂ ಅಷ್ಟೇ, ಅಂದರೆ ಅಮೆರಿಕದ ಏರ್‌ಪೋರ್ಟ್ ಭದ್ರತಾ ಸಂಸ್ಥೆಯವರು ತಮ್ಮ ಮಾಸ್ಟರ್ ಕೀಯಿಂದ ತೆರೆಯಬಲ್ಲ ಬೀಗ. ಅದನ್ನು ತೆರೆಯುವ ಮಾಸ್ಟರ್ ಕೀಗಳ ಫೋಟೋ ಬಹಿರಂಗವಾಗಿ, 2015ರಲ್ಲೇ ಜನ ಥ್ರೀಡಿ ಪ್ರಿಂಟರಿನಲ್ಲಿ ಕೀ ಮಾಡಿಬಿಟ್ಟರು. ಜಿಪ್ ಇಲ್ಲದ, ಲಾಚ್ ಇರುವ ಗಟ್ಟಿ ಪೆಟ್ಟಿಗೆ ಸ್ವಲ್ಪ ವಾಸಿ. ಯಾರ ಮೇಲೂ ಬೆರಳು ತೋರಿಸುತ್ತಿಲ್ಲ. ಬ್ಯಾಗು ಎರಡು ಏರ್‌ಪೋರ್ಟಿನಲ್ಲಿ ಎಷ್ಟೋ ಕೈ ದಾಟುತ್ತದೆ, ಎಲ್ಲಿ ಹೋಯಿತು ಅಂತ ಹೇಳುವುದು ಕಷ್ಟ.

ಆದ್ದರಿಂದ ಚಿನ್ನ, ದುಡ್ಡು, ಲ್ಯಾಪ್‌ಟಾಪ್ ಚೆಕ್-ಇನ್‌ಗೆ ಕೊಡಲೇಬೇಡಿ. ವಿಮಾನ ಕಂಪನಿಗಳ ನಿಯಮದಲ್ಲೂ ಸಾಮಾನ್ಯವಾಗಿ ಹೀಗೇ ಬರೆದಿರುತ್ತದೆ, ಹೆಚ್ಚಿನ ಪಾಲಿಸಿಗಳಲ್ಲಿ ಇವಕ್ಕೆ ಪರಿಹಾರವೂ ಇಲ್ಲ. ನಿಮ್ಮದರಲ್ಲಿ ಏನಿದೆ, ಒಮ್ಮೆ ಓದಿ. ಅಮ್ಮನ ಕ್ಲೇಮು ಪಾಸಾಗಲಿಲ್ಲ. ಆ ಕಾಗದ ಅವರ ಕೈಗೆ ಕೊಟ್ಟ ದಿನ ನನಗೆ ಊಟ ಸೇರಲಿಲ್ಲ.

ಇನ್ನೊಂದು ಎಡವಟ್ಟು ಗೇಟಿನಲ್ಲಿ ಆಗುತ್ತದೆ. ವಿಮಾನ ತುಂಬಿದರೆ ಕ್ಯಾಬಿನ್ ಬ್ಯಾಗನ್ನೂ ಅಲ್ಲೇ ಟ್ಯಾಗ್ ಹಾಕಿ ಕೆಳಗೆ ಕಳಿಸುತ್ತಾರೆ. ಗಡಿಬಿಡಿಯಲ್ಲಿ ಚಿನ್ನದ ಸಮೇತ ಕೊಟ್ಟುಬಿಡುತ್ತೀರಿ, ಅಲ್ವಾ? ನಮ್ಮಜ್ಜಿ ಎಲೆಅಡಿಕೆ ಸಂಚಿಯನ್ನು ಸೊಂಟದಿಂದ ಇಳಿಸುತ್ತಲೇ ಇರಲಿಲ್ಲ. ಅಂಥದ್ದೊಂದು ಸಣ್ಣ ಚೀಲದಲ್ಲಿ ಬೆಲೆಬಾಳುವುದನ್ನೆಲ್ಲ ಹಾಕಿ ಮೈಮೇಲೇ ಇಟ್ಟುಕೊಳ್ಳಿ.

ಇಳಿದ ಮೇಲೆ ಬೆಲ್ಟಿನ ಪಕ್ಕದಲ್ಲೇ ಬ್ಯಾಗು ನೋಡಿ. ಜಿಪ್ ಮೇಲೆ ಬೆರಳಾಡಿಸಿ. ಹಲ್ಲು ಸೊಟ್ಟಗಿದ್ದರೆ ಅಲ್ಲೇ ತೆರೆಯಿರಿ. ಏನಾದರೂ ಕಡಿಮೆ ಇದ್ದರೆ ಹೊರಗೆ ಹೋಗುವ ಮೊದಲೇ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್, ಅಂದರೆ ಬ್ಯಾಗಿನ ತೊಂದರೆಯ ಬಗ್ಗೆ ವಿಮಾನ ಕಂಪನಿಗೆ ಕೊಡುವ ವರದಿ, ಬರೆಸಿ, ನಂಬರ್ ಪಡೆಯಿರಿ. ಬ್ಯಾಗೇಜ್ ಟ್ಯಾಗು ಬಿಸಾಡಬೇಡಿ. ಮನೆಯಲ್ಲಿ ಗೊತ್ತಾದರೂ ಕೈಚೆಲ್ಲಬೇಡಿ. ವಿಮಾನ ಕಂಪನಿಗಳ ಹೊಣೆ ಏನು ಅಂತ ಹೇಳುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗು ಕೈಗೆ ಬಂದ 7 ದಿನದೊಳಗೆ ಲಿಖಿತ ದೂರು ಹೋಗಬೇಕು. ನಾನಂತೂ ಏಳನೇ ದಿನದ ತನಕ ಕಾಯಬೇಡಿ ಅನ್ನುತ್ತೇನೆ.

ಹೊರಗೆ ನೆಂಟರು ಕಾರು ತಂದು ಕಾಯುತ್ತಿರುತ್ತಾರೆ, ಗೊತ್ತು. ಹತ್ತು ನಿಮಿಷ ಕಾಯಲಿ ಬಿಡಿ.