ಓದುಗರ ಪ್ರಶ್ನೆ: ಕರ್ನಾಟಕದ ಕಾಲು ಭಾಗವೂ ಇಲ್ಲದ ನೆದರ್‌ಲ್ಯಾಂಡ್ಸ್ ಕೃಷಿಯಲ್ಲಿ ಇಷ್ಟು ಮುಂದೆ ಹೇಗೆ?

"ನೆದರ್‌ಲ್ಯಾಂಡ್ಸ್ ಅಂಗೈಯಷ್ಟು ದೇಶ. ಆದರೂ ಕೃಷಿ ರಫ್ತಿನಲ್ಲಿ ಅಮೆರಿಕ ಬಿಟ್ಟರೆ ಅದೇ ಅಂತಾರೆ. ಇದು ನಿಜವಾ? ನಿಜವಾದರೆ ನಮ್ಮಿಂದ ಯಾಕೆ ಆಗಲ್ಲ?"

ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ವಾಟ್ಸಾಪಿನಲ್ಲಿ ಗಾಜಿನಮನೆಯ ಟೊಮೆಟೊ ವಿಡಿಯೋ ಓಡಾಡಿದ ವಾರ ಇನ್ನೂ ಜಾಸ್ತಿ. "ತಂತ್ರಜ್ಞಾನ ಸ್ವಾಮಿ, ತಂತ್ರಜ್ಞಾನ" ಎಂದು ಹೇಳಿ ಮುಗಿಸಬಹುದು. ಆದರೆ ಆ ತಂತ್ರಜ್ಞಾನ ಅಲ್ಲೇ ಯಾಕೆ ಹುಟ್ಟಿತು ಎಂದು ಕೇಳಿದರೆ ಮಾತು ನೆಲದ ಕಡೆಗೇ ತಿರುಗುತ್ತದೆ.

ಮೊದಲು ಲೆಕ್ಕ ಸರಿ ಮಾಡಿಕೊಳ್ಳೋಣ. ಆ ದೇಶದ ವಿಸ್ತೀರ್ಣ ನೀರೂ ಸೇರಿ ಸುಮಾರು 41,500 ಚದರ ಕಿಲೋಮೀಟರ್. ಕರ್ನಾಟಕದ್ದು 1,91,791. ಜನ ಸುಮಾರು 1.8 ಕೋಟಿ. 2023ರಲ್ಲಿ ಅವರ ಕೃಷಿ ರಫ್ತು ಹತ್ತಿರ ಹತ್ತಿರ 12,400 ಕೋಟಿ ಯೂರೋ. ಹಲವು ವರ್ಷಗಳ ಕಾಲ ಎರಡನೇ ಸ್ಥಾನ ಅವರದೇ ಆಗಿದ್ದದ್ದು ನಿಜ. ಆದರೆ ಇದು ದುಡ್ಡಿನ ಲೆಕ್ಕ, ಮೂಟೆಯ ಲೆಕ್ಕ ಅಲ್ಲ. ಒಂದು ಲಾರಿ ಹೂವಿಗೂ ಒಂದು ಲಾರಿ ಗೋಧಿಗೂ ಒಂದೇ ಬೆಲೆ ಇರುವುದಿಲ್ಲ, ಅಲ್ವಾ? ಜೊತೆಗೆ ಆ ಮೊತ್ತದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬೇರೆ ದೇಶದಿಂದ ಬಂದು, ಅಲ್ಲಿ ಇಳಿದು, ಮತ್ತೆ ಹೊರಟ ಸರಕು. ಅಲ್ಲಿ ಒಂದೇ ಒಂದು ಕೋಕೋ ತೋಟ ಇಲ್ಲ. ಆದರೂ ಜಗತ್ತಿನಲ್ಲಿ ಅತಿ ಹೆಚ್ಚು ಕೋಕೋ ಬೀಜ ತರಿಸುವ ದೇಶಗಳಲ್ಲಿ ಅದೂ ಒಂದು. ಬೀಜ ಆಮ್‌ಸ್ಟರ್‌ಡ್ಯಾಮ್ ಬಂದರಿಗೆ ಬರುತ್ತದೆ, ಬೆಣ್ಣೆಯೋ ಪುಡಿಯೋ ಆಗಿ ಹೋಗುತ್ತದೆ. ಇನ್ನು ಗೋಧಿ, ದನ-ಹಂದಿಗಳಿಗೆ ಬೇಕಾದ ಸೋಯಾ ಬಹುಪಾಲು ಹೊರಗಿನಿಂದಲೇ ರಾಶಿ ರಾಶಿ ಬರಬೇಕು. ಹಾಗಾಗಿ "ಜಗತ್ತಿಗೇ ಊಟ ಹಾಕುವ ದೇಶ" ಅನ್ನುವುದು ಸ್ವಲ್ಪ ಉಬ್ಬಿಸಿದ ಮಾತು.

ಇಷ್ಟು ಕಳೆದ ಮೇಲೂ ಉಳಿಯುವುದು ಸಣ್ಣ ಮೊತ್ತವೇನಲ್ಲ. ಅದು ಹೇಗೆ ಬಂತು? ನನ್ನ ಉತ್ತರ ಇದು: ಅವರ ನೆಲ ಕೆಟ್ಟದಿತ್ತು, ಅದು ಕೂತ ಜಾಗ ಚೆನ್ನಾಗಿತ್ತು.

ಕೆಟ್ಟ ನೆಲದ ಕತೆಯಿಂದ ಶುರು ಮಾಡೋಣ. ದೇಶದ ಪಶ್ಚಿಮ ಭಾಗದ ಬಹಳಷ್ಟು ನೆಲ ಪೀಟ್. ಅಂದರೆ ಸಾವಿರಾರು ವರ್ಷ ನೀರಿನಡಿ ಬಿದ್ದು ಅರೆಬರೆ ಕೊಳೆತ ಗಿಡಗೆಂಟೆಗಳ ದಪ್ಪ ಪದರ. ನರ್ಸರಿಯಲ್ಲಿ ಕೊಡುವ ಕೋಕೋಪೀಟ್ ಗೊತ್ತಲ್ಲ, ತೆಂಗಿನ ನಾರಿನ ಪುಡಿ? ಆ ಹೆಸರಿನ ಬಾಲ ಬಂದದ್ದು ಇದರಿಂದಲೇ. ಸುಮಾರು ಸಾವಿರ ವರ್ಷದ ಹಿಂದೆ ಜನ ಈ ಜೌಗಿನಲ್ಲಿ ಕಾಲುವೆ ತೋಡಿ, ನೀರು ಬಸಿದು, ಧಾನ್ಯ ಬಿತ್ತಿದರು. ಕೆಲವು ತಲೆಮಾರು ಬೆಳೆ ಚೆನ್ನಾಗಿಯೇ ಬಂತು. ಆಮೇಲೆ ನೆಲ ಕುಸಿಯತೊಡಗಿತು.

ಪೀಟ್ ಒಂದು ಸ್ಪಂಜಿನ ಹಾಗೆ. ನೀರು ಹೋದರೆ ಕುಗ್ಗುತ್ತದೆ. ಗಾಳಿ ತಾಗಿದರೆ ನಿಧಾನವಾಗಿ ಕೊಳೆತು, ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೇ ಹೋಗಿಬಿಡುತ್ತದೆ. ಬಸಿದಷ್ಟೂ ನೆಲ ತಗ್ಗುತ್ತದೆ, ತಗ್ಗಿದಷ್ಟೂ ನೀರು ಬರುತ್ತದೆ, ಬಂದ ನೀರನ್ನು ಮತ್ತೆ ಬಸಿಯಬೇಕು. ಇಂದಿಗೂ ಕೆಲವು ಕಡೆ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತಿದೆ. ಮೊದಲು ನೀರು ತಾನಾಗಿ ಸಮುದ್ರಕ್ಕೆ ಹರಿಯುತ್ತಿತ್ತು. ನೆಲ ಸಮುದ್ರಕ್ಕಿಂತ ಕೆಳಗಾದ ಮೇಲೆ ಎತ್ತಿ ಸುರಿಯಬೇಕಾಯಿತು. ಹದಿನೈದನೇ ಶತಮಾನದ ಆರಂಭದಲ್ಲಿ ಆ ಕೆಲಸಕ್ಕೆ ಗಾಳಿಯಂತ್ರ ಬಂತು. ಕ್ಯಾಲೆಂಡರಿನಲ್ಲಿ ಚೆಂದ ಕಾಣುವ ಆ ಗಾಳಿಯಂತ್ರಗಳಲ್ಲಿ ಬಹಳಷ್ಟು ಹಿಟ್ಟು ಬೀಸಲು ಇದ್ದವಲ್ಲ, ನೀರೆತ್ತುವ ಪಂಪುಗಳು.

ಇಷ್ಟೆಲ್ಲ ಮಾಡಿದರೂ ನೆಲ ಧಾನ್ಯಕ್ಕೆ ತೀರಾ ತೇವ. ಆದರೆ ಹುಲ್ಲಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಳೆಯನ್ನೂ ನೋಡಿ. ಅಲ್ಲಿ ವರ್ಷಕ್ಕೆ ಸುಮಾರು 850 ಮಿಲಿಮೀಟರ್. ನಮ್ಮ ಬೆಂಗಳೂರಿಗೆ ಬೀಳುವುದೇ ಅದಕ್ಕಿಂತ ಜಾಸ್ತಿ. ಆದರೆ ಅಲ್ಲಿ ಅದು ಹನ್ನೆರಡು ತಿಂಗಳೂ ಹಂಚಿಕೊಂಡು ಬೀಳುತ್ತದೆ, ಬಿಸಿಲೂ ಮಂದ, ಆವಿಯಾಗುವುದು ಕಡಿಮೆ. ಚಳಿಗಾಲ ಕೂಡ ಅದೇ ಅಕ್ಷಾಂಶದ ಒಳನಾಡುಗಳಷ್ಟು ಕ್ರೂರವಲ್ಲ, ಪಕ್ಕದ ಸಮುದ್ರ ತಡೆಯುತ್ತದೆ. ಹೀಗಾಗಿ ಹುಲ್ಲು ತಿಂಗಳುಗಟ್ಟಲೆ ಹಸಿರು. ರೈತರು ನೇಗಿಲು ಬಿಟ್ಟು ಹಸು ಹಿಡಿದರು. ಹಾಲು ದೂರ ಹೋಗುವುದಿಲ್ಲ, ಚೀಸ್ ಹೋಗುತ್ತದೆ. ಗೌಡಾ, ಎಡಾಮ್ ಚೀಸಿನ ಹೆಸರುಗಳು ಅಲ್ಲಿನ ಊರುಗಳ ಹೆಸರೇ. ಅಂದಹಾಗೆ ಆ 'ಗೌಡಾ'ಕ್ಕೂ ನಮ್ಮ ಗೌಡರಿಗೂ ಯಾವ ನಂಟೂ ಇಲ್ಲ. ಡಚ್ಚರು ಅದನ್ನು 'ಹೌಡಾ' ಎಂಬಂತೆ ಗಂಟಲಿನಿಂದ ಉಚ್ಚರಿಸುತ್ತಾರೆ.

ಹಾಗಾದರೆ ರೊಟ್ಟಿಗೆ ಹಿಟ್ಟು? ಇಲ್ಲಿ "ಕೂತ ಜಾಗ" ಕೆಲಸಕ್ಕೆ ಬಂತು. ಬಾಲ್ಟಿಕ್ ಸಮುದ್ರದ ದಂಡೆಯಿಂದ, ಇಂದಿನ ಪೋಲೆಂಡಿನ ಗ್ದಾನ್ಸ್ಕ್ ಕಡೆಯಿಂದ, ಹಡಗಿನಲ್ಲಿ ಧಾನ್ಯ ಬಂತು. ಆಮ್‌ಸ್ಟರ್‌ಡ್ಯಾಮಿನ ವರ್ತಕರು ಈ ಧಾನ್ಯ ವ್ಯಾಪಾರವನ್ನು ಎಲ್ಲ ವ್ಯಾಪಾರಗಳ ತಾಯಿ ಎನ್ನುತ್ತಿದ್ದರು. ಹೊಟ್ಟೆಗೆ ಬೇಕಾದ ಕಾಳು ಹೊರಗಿಂದ ಬಂದದ್ದರಿಂದ ರೈತನಿಗೆ ಬೆಲೆ ಬರುವುದನ್ನು ಮಾತ್ರ ಬೆಳೆಯುವ ಧೈರ್ಯ ಬಂತು. ಬೆಣ್ಣೆ, ಚೀಸ್, ತರಕಾರಿ, ನಾರಿನ ಅಗಸೆ, ಬಟ್ಟೆಗೆ ಬಣ್ಣ ಕೊಡುವ ಬೇರು. ಹದಿನಾರು-ಹದಿನೇಳನೇ ಶತಮಾನಕ್ಕೇ ಅವರು ಮನೆಗಾಗಿ ಬೆಳೆಯುವುದನ್ನು ಬಿಟ್ಟು ಸಂತೆಗಾಗಿ ಬೆಳೆಯತೊಡಗಿದ್ದರು. ಇಂದಿನ ರಫ್ತಿನ ಬೇರು ಅಲ್ಲಿದೆ, ಡ್ರೋನಿನಲ್ಲಲ್ಲ.

ನೀರಿನ ಜೊತೆ ಬದುಕುವುದಕ್ಕೆ ಊರೂರು ಸೇರಬೇಕಿತ್ತು. ಒಬ್ಬನ ಹೊಲದ ಏರಿ ಒಡೆದರೆ ಹತ್ತು ಊರು ಮುಳುಗುತ್ತವೆ. "ಏರಿ ಕಟ್ಟದವನು ಜಾಗ ಖಾಲಿ ಮಾಡಬೇಕು" ಎಂಬ ಗಾದೆ ಅವರಲ್ಲಿದೆ. ಹದಿಮೂರನೇ ಶತಮಾನದಿಂದಲೇ ಇದಕ್ಕೆಂದು ನೀರಿನ ಮಂಡಳಿಗಳಿವೆ. ಈಗ 21 ಉಳಿದಿವೆ. ಅವಕ್ಕೆ ಬೇರೆಯೇ ಚುನಾವಣೆ, ಬೇರೆಯೇ ತೆರಿಗೆ. ನಮ್ಮ ಕೆರೆ ಊರುಗಳಲ್ಲಿ ತೂಬು ಎತ್ತಿ ಗದ್ದೆಗೆ ನೀರು ಬಿಡುವ ನೀರಗಂಟಿ ಇದ್ದ ಹಾಗೆ. ನಮ್ಮ ನೀರಗಂಟಿ ನೀರು ಕೊಡುವವನು, ಅವರ ಮಂಡಳಿ ಹೆಚ್ಚಾಗಿ ನೀರು ಕಳೆಯುವುದು.

ಏರಿ ಕಟ್ಟಿ, ಒಳಗಿನ ನೀರು ಎತ್ತಿ ಹಾಕಿ ಮಾಡಿಕೊಂಡ ನೆಲಕ್ಕೆ ಪೋಲ್ಡರ್ ಎನ್ನುತ್ತಾರೆ. ಬೇಮ್‌ಸ್ಟರ್ ಎಂಬ ಕೆರೆಯನ್ನು 1612ರಲ್ಲಿ ಗಾಳಿಯಂತ್ರಗಳಿಂದಲೇ ಒಣಗಿಸಿದರು. ಹಾರ್ಲೆಮ್ಮರ್‌ಮೇರ್ ಇನ್ನೂ ದೊಡ್ಡದು. ಅದು ದಡ ಕೊರೆಯುತ್ತ ಬೆಳೆಯುತ್ತಲೇ ಹೋಗುತ್ತಿದ್ದುದರಿಂದ ಜನ ಅದನ್ನು "ನೀರಿನ ತೋಳ" ಎನ್ನುತ್ತಿದ್ದರು. 1852ರಲ್ಲಿ ಮೂರು ಉಗಿ ಪಂಪುಮನೆಗಳು ಆ ತೋಳವನ್ನು ಕುಡಿದು ಮುಗಿಸಿದವು. ಇಂದು ಆಮ್‌ಸ್ಟರ್‌ಡ್ಯಾಮಿನ ಸ್ಕಿಪೋಲ್ ವಿಮಾನ ನಿಲ್ದಾಣ ಇರುವುದು ಆ ಕೆರೆಯ ತಳದಲ್ಲೇ.

ಎಲ್ಲಕ್ಕಿಂತ ದೊಡ್ಡ ಕೆಲಸ ಇಪ್ಪತ್ತನೇ ಶತಮಾನದ್ದು. 1916ರ ಪ್ರವಾಹದ ಪೆಟ್ಟು ತಿಂದ ಮೇಲೆ ಎಂಜಿನಿಯರ್ ಕೊರ್ನೇಲಿಸ್ ಲೆಲಿ ಅವರ ಹಳೆಯ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಸಮುದ್ರದ ಕೊಲ್ಲಿಯೊಂದರ ಬಾಯಿಗೆ 32 ಕಿಲೋಮೀಟರ್ ಏರಿ ಹಾಕಿ 1932ರಲ್ಲಿ ಮುಚ್ಚಿದರು. ಒಳಗಿನ ಉಪ್ಪುನೀರು ನದಿನೀರು ಸೇರಿ ಸಿಹಿಯಾಯಿತು. ಅದರೊಳಗೆ ಒಂದೊಂದೇ ಪೋಲ್ಡರ್ ಎದ್ದಿತು. ಆ ಪೋಲ್ಡರುಗಳಿಂದಲೇ ಆದ ಫ್ಲೆವೊಲ್ಯಾಂಡ್ ಪ್ರಾಂತ್ಯದಲ್ಲಿ ನೀರು ಇಳಿದಾಗ ಸಿಕ್ಕಿದ್ದು ಕಾಲಿಟ್ಟರೆ ಹೂತುಹೋಗುವ ಕೆಸರು. ಅದರ ಮೇಲೆ ವಿಮಾನದಿಂದ ಜೊಂಡಿನ ಬೀಜ ಎರಚಿದರು. ಜೊಂಡು ಕೆಸರಿನ ನೀರು ಹೀರಿ ಆವಿ ಮಾಡಿತು, ಬೇರು ಮಣ್ಣನ್ನು ಬಿರುಕುಗೊಳಿಸಿತು. ಕೆಲವು ವರ್ಷ ಸರ್ಕಾರವೇ ಬೆಳೆ ತೆಗೆದು ನೆಲ ಹದ ಮಾಡಿ, ಆಮೇಲೆ ರೈತರನ್ನು ಆರಿಸಿ ಕೊಟ್ಟಿತು. ಹುಡುಗಿ ನೋಡಲು ಹೋದ ಹಾಗೆ ಅಧಿಕಾರಿಗಳು ರೈತರ ಮನೆಗೇ ಹೋಗಿ ಸಂಸಾರ ನೋಡಿ ಬರುತ್ತಿದ್ದರಂತೆ.

ಈ ಸಮುದ್ರದ ಜೇಡಿ ಮಣ್ಣು ಪೀಟಿನಂತಲ್ಲ. ಬಹಳ ಫಲವತ್ತು. ಆಲೂಗಡ್ಡೆ, ಈರುಳ್ಳಿ, ಸಕ್ಕರೆ ಬೀಟ್ ಇದರ ಬೆಳೆ. ಬಿತ್ತನೆ ಆಲೂಗಡ್ಡೆ ರಫ್ತಿನಲ್ಲಿ ನೆದರ್‌ಲ್ಯಾಂಡ್ಸ್‌ಗೆ ಜಗತ್ತಿನಲ್ಲಿ ಮೊದಲ ಸ್ಥಾನ. ಕಾರಣ ಮಣ್ಣೊಂದೇ ಅಲ್ಲ, ಗಾಳಿಯೂ ಹೌದು. ಆಲೂಗಡ್ಡೆಗೆ ನಂಜುರೋಗ ಹರಡುವುದು ಸಸ್ಯಹೇನು. ತಂಪು ಸಮುದ್ರಗಾಳಿ ಬೀಸುವ ಕರಾವಳಿಯಲ್ಲಿ ಅದರ ಕಾಟ ಕಡಿಮೆ, ಬೀಜ ಶುದ್ಧ. ಹಾಸನದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಬಿತ್ತನೆಗಡ್ಡೆ ಜಲಂಧರಿನಿಂದ ಬರುತ್ತದೆ. ಪಂಜಾಬಿನ ಚಳಿಗಾಲದಲ್ಲೂ ಹೇನು ಕಡಿಮೆ ಇರುವ ಕೆಲವು ವಾರಗಳು ಸಿಗುತ್ತವೆ, ಬೀಜದ ಬೆಳೆ ಅಷ್ಟರಲ್ಲೇ ತೆಗೆಯುತ್ತಾರೆ.

ಟ್ಯುಲಿಪ್ ಬಗ್ಗೆ ಎರಡೇ ಮಾತು. ಹಾರ್ಲೆಮ್ ಮತ್ತು ಲೈಡನ್ ನಡುವಿನ ಮರಳುದಿಬ್ಬಗಳ ಹಿಂದಿನ ನೆಲ ಬೇರೆ ಬೆಳೆಗೆ ಬಡಕಲು. ಗಡ್ಡೆಗೆ ಮಾತ್ರ ಹೇಳಿ ಮಾಡಿಸಿದ್ದು: ನೀರು ನಿಲ್ಲುವುದಿಲ್ಲ, ಕೆಳಗಿನ ಅಂತರ್ಜಲವನ್ನು ಕಾಲುವೆಗಳಿಂದ ಒಂದೇ ಮಟ್ಟದಲ್ಲಿ ಹಿಡಿದಿಡಬಹುದು.

ಪೂರ್ವ ಮತ್ತು ದಕ್ಷಿಣದ ಮರಳು ನೆಲಕ್ಕೆ ಆ ಭಾಗ್ಯವೂ ಇರಲಿಲ್ಲ. ಅಲ್ಲಿ ಬಂದದ್ದು ಹಂದಿ, ಕೋಳಿ. ರೈನ್ ನದಿ ಸಮುದ್ರ ಸೇರುವ ಜಾಗದಲ್ಲಿರುವ ರಾಟರ್‌ಡ್ಯಾಮ್ ಯುರೋಪಿನ ಅತಿ ದೊಡ್ಡ ಬಂದರು. ಸೋಯಾ ಅಲ್ಲಿ ಅಗ್ಗಕ್ಕೆ ಇಳಿಯುತ್ತದೆ. ಮಾಂಸ ನದಿ, ರಸ್ತೆ ಹಿಡಿದು ಪಕ್ಕದ ಜರ್ಮನಿಗೆ ಹೋಗುತ್ತದೆ. ಮೇವು ಬ್ರೆಜಿಲಿನದು, ಗಿರಾಕಿ ಜರ್ಮನಿಯವನು. ಅಲ್ಲೇ ಉಳಿಯುವುದು ಗೊಬ್ಬರ. ಸುಮಾರು 38 ಲಕ್ಷ ದನ, ಒಂದು ಕೋಟಿಯಷ್ಟು ಹಂದಿ. ಇಷ್ಟು ಸಗಣಿ-ಗಂಜಲದಿಂದ ಏಳುವ ಅಮೋನಿಯ, ಅಂದರೆ ಸಾರಜನಕ ಸೇರಿದ ಅನಿಲ, ಅಲ್ಲಿನ ಕಾಡು, ಜೌಗು, ಹುಲ್ಲುಗಾವಲುಗಳನ್ನು ಕೆಡಿಸುತ್ತಿದೆ. 2019ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಸರ್ಕಾರದ ಸಾರಜನಕ ಯೋಜನೆಯನ್ನು ತಳ್ಳಿಹಾಕಿತು. ದನ-ಹಂದಿ ಕಡಿಮೆ ಮಾಡಬೇಕೆಂಬ ಮಾತು ಎದ್ದಾಗ ರೈತರ ಟ್ರ್ಯಾಕ್ಟರುಗಳು ಹೆದ್ದಾರಿಗೆ ಇಳಿದವು. 2023ರ ಪ್ರಾಂತೀಯ ಚುನಾವಣೆಯಲ್ಲಿ ರೈತರ ಹೊಸ ಪಕ್ಷವೊಂದು ಎಲ್ಲರಿಗಿಂತ ಮುಂದೆ ಬಂತು. ಆ ಟೊಮೆಟೊ ವಿಡಿಯೋಗಳಲ್ಲಿ ಇದು ಕಾಣುವುದಿಲ್ಲ, ಅದಕ್ಕೇ ಹೇಳಿದೆ.

ಈಗ ಆ ಟೊಮೆಟೊಗೆ ಬರೋಣ. ಹೇಗ್ ಮತ್ತು ರಾಟರ್‌ಡ್ಯಾಮ್ ನಡುವೆ ವೆಸ್ಟ್‌ಲ್ಯಾಂಡ್ ಅಂತ ಒಂದು ಪ್ರದೇಶ. ಕಣ್ಣು ಹಾಯಿಸಿದಷ್ಟೂ ಗಾಜಿನ ಮಾಡು. ಕರಾವಳಿಯಾದ್ದರಿಂದ ಒಳನಾಡಿಗಿಂತ ಬೆಳಕು ಸ್ವಲ್ಪ ಜಾಸ್ತಿ, ಚಳಿ ಸ್ವಲ್ಪ ಕಡಿಮೆ. ಒಳಗೆ ಮಣ್ಣೇ ಇಲ್ಲ. ಗಿಡ ನಿಲ್ಲುವುದು ಕಲ್ಲಿನ ಎಳೆಯ ದಿಂಬಿನಲ್ಲಿ, ಇಲ್ಲವೇ ತೆಂಗಿನ ನಾರಿನ ಪುಡಿಯಲ್ಲಿ. ಆ ಪುಡಿಯಲ್ಲಿ ದಕ್ಷಿಣ ಭಾರತದಿಂದ ಹೋದದ್ದೂ ಇದೆ. ವರ್ಷಕ್ಕೆ ಚದರ ಮೀಟರಿಗೆ 50 ಕೆಜಿ ಮೀರಿ ಟೊಮೆಟೊ ಬರುವುದು ಅಲ್ಲಿ ಮಾಮೂಲು.

ಈ ಇಳುವರಿಯ ಹಿಂದೆಯೂ ನೆಲದಡಿಯ ಒಂದು ಗುಟ್ಟಿದೆ. 1959ರಲ್ಲಿ ಉತ್ತರದ ಗ್ರೋನಿಂಗನ್ ಪ್ರಾಂತ್ಯದಲ್ಲಿ ಭಾರಿ ಪ್ರಮಾಣದ ಗ್ಯಾಸ್ ಸಿಕ್ಕಿತು. ಅಗ್ಗದ ಆ ಗ್ಯಾಸ್ ಉರಿಸಿ ಗಾಜಿನಮನೆ ಬೆಚ್ಚಗೆ ಇಟ್ಟರು. ಉರಿದಾಗ ಬಂದ ಇಂಗಾಲದ ಡೈಆಕ್ಸೈಡನ್ನು ಗಿಡಕ್ಕೇ ಉಣಿಸಿದರು. ಗ್ಯಾಸ್ ತೆಗೆದು ತೆಗೆದು ಗ್ರೋನಿಂಗನ್ ನೆಲ ನಡುಗತೊಡಗಿತು, ಮನೆಗಳು ಬಿರುಕು ಬಿಟ್ಟವು. 2023ರ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಿದರು. ಅದಕ್ಕೂ ಮೊದಲೇ ಗ್ಯಾಸ್ ಬೆಲೆ ಏರಿ, ಚಳಿಗಾಲದಲ್ಲಿ ಎಷ್ಟೋ ಗಾಜಿನಮನೆಗಳು ದೀಪ ಆರಿಸಿ ಕೂತಿದ್ದವು.

ಪ್ರಶ್ನೆಯ ಕೊನೆಯ ಭಾಗ: ನಮ್ಮಿಂದ ಯಾಕೆ ಆಗಲ್ಲ? ಅವರ ಗಾಜಿನಮನೆ ಕಟ್ಟಿರುವುದು ಚಳಿ ಮತ್ತು ಕತ್ತಲೆಯನ್ನು ಗೆಲ್ಲಲು. ದೊಡ್ಡಬಳ್ಳಾಪುರದಲ್ಲೋ ಕೋಲಾರದಲ್ಲೋ ನಮ್ಮ ತಾಪತ್ರಯ ಬೇರೆ. ಬೆಳಕು ಬೇಕಾದಷ್ಟಿದೆ. ಶಾಖ ಹೊರಗೆ ಹಾಕಬೇಕು, ನೀರು ಹುಡುಕಬೇಕು. ಅದಕ್ಕೇ ಇಲ್ಲಿನ ಪಾಲಿಹೌಸ್‌ಗಳಿಗೆ ಗಾಜಿಲ್ಲ, ಪ್ಲಾಸ್ಟಿಕ್ ಹಾಳೆ, ಮಾಡಿನಲ್ಲಿ ಗಾಳಿಕಿಂಡಿ, ನೆರಳುಬಲೆ. ಅಲ್ಲಿನದನ್ನು ಹಾಗೇ ತಂದು ನಿಲ್ಲಿಸಿದರೆ ಟೊಮೆಟೊ ಅಲ್ಲೇ ಬೇಯುತ್ತದೆ. ಇನ್ನೂರು ಮುನ್ನೂರು ಕಿಲೋಮೀಟರಿನೊಳಗೆ ಕೋಟಿಗಟ್ಟಲೆ ಶ್ರೀಮಂತ ಗಿರಾಕಿಗಳು ಇರುವುದು ಕೂಡ ಸುಮ್ನೆ ಮಾತಲ್ಲ. ಅದನ್ನು ಸಬ್ಸಿಡಿ ಕೊಟ್ಟು ತರಲಾಗುವುದಿಲ್ಲ.

ತಂದದ್ದು ಕೆಲವಿದೆ. ಬೆಂಗಳೂರಿನ ಹೆಬ್ಬಾಳದ ಹೂವಿನ ಹರಾಜು ಕೇಂದ್ರದಲ್ಲಿ ನಡೆಯುವುದು ಡಚ್ಚರ ಪದ್ಧತಿ. ಬೆಲೆ ಮೇಲಿಂದ ಕೆಳಗೆ ಇಳಿಯುತ್ತ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಗುಲಾಬಿ. ಕೊಡುವುದಕ್ಕೂ ನಮ್ಮ ಹತ್ತಿರ ಏನಾದರೂ ಇರಬಹುದು. ಸಮುದ್ರಮಟ್ಟ ಏರುತ್ತಿದ್ದಂತೆ ಪೋಲ್ಡರುಗಳ ಅಡಿಯಿಂದ ಉಪ್ಪುನೀರು ಮೇಲೆ ಬರುತ್ತಿದೆ. ಅಲ್ಲಿನ ಟೆಸೆಲ್ ದ್ವೀಪದಲ್ಲಿ ಉಪ್ಪು ತಡೆಯುವ ಆಲೂಗಡ್ಡೆ ಹುಡುಕುವ ಪ್ರಯೋಗ ನಡೆದಿದೆ. ನಮ್ಮ ಕುಮಟಾ ಕಡೆ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಗದ್ದೆಗಳಿವೆ. ಅಲ್ಲೂ ಏರಿ, ಅಲ್ಲೂ ನೀರು ಒಳಗೆ-ಹೊರಗೆ ಬಿಡುವ ಬಾಗಿಲು. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪು ತಾಗಿದರೂ, ನಾಲ್ಕು ದಿನ ನೀರು ನಿಂತರೂ ಅದು ಸಾಯುವುದಿಲ್ಲ. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದರೆ ಅದೇ ಗದ್ದೆಗೆ ಸಿಗಡಿ, ಮೀನು ಬರುತ್ತವೆ.