ನಮ್ಮದೇ ರಕ್ತ ಇಟ್ಟರೆ ಕರಗಿದ ದವಡೆ ಮೂಳೆ ಮತ್ತೆ ಬೆಳೆಯುತ್ತದಾ?

ಪ್ರಶ್ನೆ: ಒಸಡು ಸರಿದಿದೆ, ಒಳಗೆ ಮೂಳೆಯೂ ಕರಗಿದೆ ಅಂತ ಡೆಂಟಿಸ್ಟ್ ಹೇಳಿದರು. ಕೈಯಿಂದ ರಕ್ತ ತೆಗೆದು, ಅದನ್ನೇ ಒಸಡಿನೊಳಗೆ ಇಟ್ಟು ಹೊಲಿಗೆ ಹಾಕಿದರೆ ಮೂಳೆ ಬೆಳೆಯುತ್ತದಂತೆ. ನಿಜಾನಾ?

ಉತ್ತರ: ನಿಜ, ಆದರೆ ಎಲ್ಲರಿಗೂ ಅಲ್ಲ. ನಿಮ್ಮ ಮೂಳೆ ಯಾವ ಆಕಾರದಲ್ಲಿ ಕರಗಿದೆ ಅನ್ನುವುದರ ಮೇಲೆ ತುಂಬಾ ನಿಂತಿದೆ.

ಈ ವಿಧಾನಕ್ಕೆ ಪಿಆರ್‌ಎಫ್ ಅನ್ನುತ್ತಾರೆ, ಅಂದರೆ ಪ್ಲೇಟ್‌ಲೆಟ್ ರಿಚ್ ಫೈಬ್ರಿನ್. ಪ್ಲೇಟ್‌ಲೆಟ್ ಅಂದರೆ ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣ, ಫೈಬ್ರಿನ್ ಅಂದರೆ ಹೆಪ್ಪುಗಟ್ಟುವಾಗ ಬಲೆಯ ಹಾಗೆ ಹೆಣೆದುಕೊಳ್ಳುವ ಪ್ರೋಟೀನ್ ನಾರು. 2001ರಲ್ಲಿ ಫ್ರಾನ್ಸಿನ ವೈದ್ಯ ಜೋಸೆಫ್ ಶುಕ್ರೂನ್ ಮತ್ತು ಅವರ ಜೊತೆಗಾರರು ಇದನ್ನು ತಂದರು. ಅದಕ್ಕೂ ಮುಂಚೆ ಪಿಆರ್‌ಪಿ, ಅಂದರೆ ಪ್ಲೇಟ್‌ಲೆಟ್ ಹೆಚ್ಚಿರುವ ರಕ್ತದ ದ್ರವಭಾಗ ಬಳಸುವ ವಿಧಾನ ಇತ್ತು. ಅದರಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಔಷಧಿ ಬೆರೆಸಿ, ಆಮೇಲೆ ಹೆಪ್ಪುಗಟ್ಟಿಸಲು ಹೆಚ್ಚಾಗಿ ದನದ ರಕ್ತದಿಂದ ತೆಗೆದ ಥ್ರಾಂಬಿನ್ ಹಾಕುತ್ತಿದ್ದರು. ಪಿಆರ್‌ಎಫ್‌ಗೆ ಇದ್ಯಾವುದೂ ಬೇಡ. ಸುಮಾರು 10 ಎಂಎಲ್ ಟ್ಯೂಬಿನಲ್ಲಿ ರಕ್ತ ತೆಗೆದು, ತಡಮಾಡದೆ ಸೆಂಟ್ರಿಫ್ಯೂಜ್ ಯಂತ್ರದಲ್ಲಿಟ್ಟು, ನಿಮಿಷಕ್ಕೆ 2700ರಿಂದ 3000 ಸುತ್ತಿನಂತೆ 10-12 ನಿಮಿಷ ತಿರುಗಿಸುತ್ತಾರೆ. ಕೆಂಪು ಕಣಗಳೆಲ್ಲ ತಳಕ್ಕೆ ಇಳಿಯುತ್ತವೆ, ಮೇಲೆ ತಿಳಿ ನಿಲ್ಲುತ್ತದೆ, ನಡುವೆ ಗಟ್ಟಿ ಮೊಸರಿನ ಹಾಗೆ ಹಳದಿ ಗಡ್ಡೆಯೊಂದು ಹೆಪ್ಪುಗಟ್ಟಿರುತ್ತದೆ. ಬೇಕಾಗಿರುವುದು ಅದೇ. ಒತ್ತಿದರೆ ತೆಳ್ಳನೆಯ ಪೊರೆ ಆಗುತ್ತದೆ.

ಆ ಗಡ್ಡೆ ಮೂಳೆಯಲ್ಲ, ಮುಂದೆ ಮೂಳೆಯಾಗಿ ಬದಲಾಗುವುದೂ ಇಲ್ಲ. ಬಳ್ಳಿಗೆ ಹಂದರ ಹಾಕುತ್ತೇವಲ್ವಾ, ಅಂಥದ್ದು. ಫೈಬ್ರಿನ್ ಬಲೆಯಲ್ಲಿ ಸಿಕ್ಕ ಪ್ಲೇಟ್‌ಲೆಟ್‌ಗಳು ಮತ್ತು ಬಿಳಿ ಕಣಗಳು ವಾರಕ್ಕೂ ಜಾಸ್ತಿ ದಿನ ಗಾಯ ಮಾಯಿಸುವ ಪ್ರೋಟೀನ್‌ಗಳನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತಾ ಹೋಗುತ್ತವೆ, ಸುತ್ತಲಿನ ಜೀವಕೋಶಗಳು ಅಲ್ಲಿಗೆ ಬಂದು ಕೆಲಸ ಶುರು ಮಾಡುತ್ತವೆ, ಅಷ್ಟರಲ್ಲಿ ಹಂದರ ತಾನೇ ಕರಗಿಹೋಗುತ್ತದೆ.

ಈಗ ಆಕಾರದ ವಿಷಯ. ಹಲ್ಲಿನ ಪಕ್ಕದಲ್ಲಿ ಬಾವಿಯ ಹಾಗೆ ಆಳವಾಗಿ ಕರಗಿ, ಸುತ್ತ ಎರಡು ಮೂರು ಕಡೆ ಮೂಳೆಯ ಗೋಡೆ ಉಳಿದಿದ್ದರೆ ಗಡ್ಡೆ ಅಲ್ಲಿ ನಿಲ್ಲುತ್ತದೆ. ಬರೀ ಕ್ಲೀನ್ ಮಾಡಿ ಹೊಲಿದದ್ದಕ್ಕಿಂತ ಪಿಆರ್‌ಎಫ್ ಇಟ್ಟ ಇಂಥ ಗುಂಡಿಗಳು ಹೆಚ್ಚು ತುಂಬುತ್ತವೆ ಅಂತ ಅಧ್ಯಯನಗಳಲ್ಲಿ ಕಂಡಿದೆ. ಆದರೆ ಹಲ್ಲಿನ ಸಾಲಿಗೆ ಸಾಲೇ ಮಟ್ಟಸವಾಗಿ ಮೂಳೆ ಇಳಿದಿದ್ದರೆ ಹಂದರ ನಿಲ್ಲಲು ಜಾಗವೇ ಇಲ್ಲ. ಅಂಥವರಿಗೂ ಮೂಳೆ ಬೆಳೆಸಿಕೊಡುತ್ತೇವೆ ಅಂತ ದುಡ್ಡು ತೆಗೆದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಹಾಗಾಗಿ ಎಕ್ಸ್-ರೇ ಮುಂದೆ ಇಟ್ಟುಕೊಂಡು "ನನ್ನದು ಗುಂಡಿಯಾ, ಮಟ್ಟಸವಾಗಿ ಇಳಿದಿದ್ದಾ?" ಅಂತ ನೇರವಾಗಿ ಕೇಳಿ.

ಬೇರು ಕಾಣುವಷ್ಟು ಒಸಡು ಸರಿದಿದ್ದರೆ, ಅಂಗುಳಿನಿಂದ ಚೂರು ತೆಗೆದು ಅಲ್ಲಿ ಕೂರಿಸುವ ಹಳೆಯ ವಿಧಾನವೇ ಇವತ್ತಿಗೂ ಹೆಚ್ಚು ನಂಬಿಕೆಯದು. ಪಿಆರ್‌ಎಫ್‌ನಲ್ಲಿ ಅಂಗುಳಿನ ಗಾಯ ತಪ್ಪುತ್ತದೆ, ಅದೂ ಸಣ್ಣ ಲಾಭವಲ್ಲ. ಹಲ್ಲು ಕಿತ್ತ ಗುಂಡಿಗೆ ಇಟ್ಟರೆ ನೋವು ಕಡಿಮೆ, ಒಸಡು ಬೇಗ ಮುಚ್ಚುತ್ತದೆ. ಅಲ್ಲೂ ಜಾಸ್ತಿ ಮೂಳೆ ಬೇಕಿದ್ದರೆ ಮೂಳೆ ಪುಡಿ ಬೆರೆಸುತ್ತಾರೆ.

ಏನೇ ಮಾಡಿಸಿದರೂ ಮೊದಲು ಹಲ್ಲಿನ ಕಲ್ಲು, ಕೀವು ಹೋಗಿರಬೇಕು. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ, ಬೀಡಿ ಸಿಗರೇಟು ಬಿಡದಿದ್ದರೆ ಗಾಯ ಸರಿಯಾಗಿ ಮಾಯುವುದಿಲ್ಲ. ಹೃದಯಕ್ಕೆ ಅಂತ ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ತೆಗೆಯುವ ಮುಂಚೆಯೇ ಹೇಳಿ, ಆ ಗಡ್ಡೆ ಸರಿಯಾಗಿ ಕಟ್ಟದೇ ಇರಬಹುದು. ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.