ಡೀಸೆಲ್ ಬಿದ್ದ ಮಣ್ಣು: ಗಿಡದ ಪಾಲೆಷ್ಟು, ಬ್ಯಾಕ್ಟೀರಿಯಾದ ಪಾಲೆಷ್ಟು?

ಡೀಸೆಲ್ ಬಿದ್ದ ಮಣ್ಣನ್ನು ಗಿಡ ನೆಟ್ಟು ಶುದ್ಧ ಮಾಡುವ ಪಾಠದಲ್ಲಿ, ಅದು ಹೇಗೆ ಎಂದು ಕೇಳಿದರೆ 'ಗಿಡ ಎಣ್ಣೆಯನ್ನು ಹೀರಿಕೊಂಡು ಮಣ್ಣನ್ನು ಶುದ್ಧ ಮಾಡುತ್ತದೆ' ಎಂದು ಉತ್ತರ ಬರೆಯುವವರು ಬಹಳ. ಕ್ಯಾಡ್ಮಿಯಂನಂಥ ಲೋಹವಾದರೆ ಸರಿ. ಲೋಹ ಒಡೆದು ಬೇರೆಯಾಗುವುದಿಲ್ಲ, ಗಿಡದೊಳಗೆ ತುಂಬಿಸಿ ಕೊಯ್ದು ಸಾಗಿಸಬೇಕು. ಡೀಸೆಲ್‌ನ ಉದ್ದ ಸರಪಳಿಯ ಹೈಡ್ರೋಕಾರ್ಬನ್‌ಗಳು (ಇಂಗಾಲ, ಜಲಜನಕ ಸೇರಿದ ಅಣುಗಳು) ನೀರಿನಲ್ಲಿ ಕರಗುವುದೇ ಕಡಿಮೆ, ಹಾಗಾಗಿ ನೀರಿನ ಜೊತೆ ಬೇರಿನೊಳಗೆ ಹೋಗುವುದೂ ಕಡಿಮೆ. ಅವು ಒಡೆಯುವುದು ಹೆಚ್ಚಾಗಿ ಬೇರಿನ ಸುತ್ತ ಅಂಟಿದ ಮಣ್ಣಿನಲ್ಲಿ.

ಬೇರು ಅಲ್ಲಿ ಸಕ್ಕರೆ, ಸಾವಯವ ಆಮ್ಲಗಳನ್ನು ಒಸರುತ್ತದೆ. ಅದನ್ನುಂಡು ಸ್ಯೂಡೊಮೊನಾಸ್, ರೋಡೊಕಾಕಸ್‌ನಂಥ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ಅವುಗಳ ಕಿಣ್ವ ಸರಪಳಿಯ ತುದಿಗೆ ಆಮ್ಲಜನಕ ಸೇರಿಸುತ್ತದೆ; ಆಲ್ಕೇನ್ ಎಂಬ ಈ ಸರಪಳಿ ಹೈಡ್ರೋಕಾರ್ಬನ್ ಮೊದಲು ಆಲ್ಕೋಹಾಲ್, ಆಮೇಲೆ ಆಲ್ಡಿಹೈಡ್, ಕೊನೆಗೆ ಕೊಬ್ಬಿನಾಮ್ಲ. ಅಲ್ಲಿಂದ ಮುಂದೆ ಅದು ಬ್ಯಾಕ್ಟೀರಿಯಾಕ್ಕೆ ಮಾಮೂಲಿ ಊಟ. ಹುಲ್ಲಿನ ಜಾತಿಗಳನ್ನೇ ಆರಿಸುವುದು ಏಕೆಂದರೆ ಅವುಗಳ ಬೇರು ಜಾಲದಂತೆ ಹರಡುತ್ತದೆ. ನಮ್ಮ ಲಾವಂಚವೂ ಈ ಗುಂಪಿನದೇ.

ಗೊಬ್ಬರ ಯಾಕೆ ಬೇಕು? ಬ್ಯಾಕ್ಟೀರಿಯಾ ಬೆಳೆಯಲು ಇಂಗಾಲದ ಜೊತೆ ಸಾರಜನಕ, ರಂಜಕವೂ ಬೇಕು. ಎಣ್ಣೆಯಲ್ಲಿ ಇಂಗಾಲ ಹೇರಳ, ಸಾರಜನಕ ಇಲ್ಲವೇ ಇಲ್ಲವೆನ್ನುವಷ್ಟು. ಸಾಮಾನ್ಯವಾಗಿ ಇಂಗಾಲ, ಸಾರಜನಕ, ರಂಜಕ 100:10:1 ಎಂದು ಹಿಡಿಯುತ್ತಾರೆ. ಒಂದು ಟನ್ ಮಣ್ಣಿನಲ್ಲಿ 10 ಕೆ.ಜಿ. ಡೀಸೆಲ್ ಇದೆ ಎನ್ನಿ. ಅದರಲ್ಲಿ ಇಂಗಾಲ ಸುಮಾರು 8.5 ಕೆ.ಜಿ.; ಬೇಕಾದ ಸಾರಜನಕ 0.85 ಕೆ.ಜಿ., ಅಂದರೆ 46% ಸಾರಜನಕದ ಯೂರಿಯಾ 1.85 ಕೆ.ಜಿ. ಒಂದೇ ಸಲ ಸುರಿದರೆ ಮೊಳಕೆ ಸುಟ್ಟುಹೋಗುತ್ತದೆ, ಕಂತಿನಲ್ಲಿ ಕೊಡಬೇಕು.

ಇಡೀ ಪಾಠದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇನ್ನು ಮುಂದಿನದು. ಎಣ್ಣೆ ಮಣ್ಣಿನಲ್ಲಿ ಹುಲ್ಲೇ ಸೊರಗುತ್ತದಲ್ಲ, ಬೇರು ಬೆಳೆಯುವುದು ಹೇಗೆ? ಕಷ್ಟಕ್ಕೆ ಸಿಕ್ಕಿದ ಗಿಡ ಎಥಿಲೀನ್ ಹೆಚ್ಚು ತಯಾರಿಸುತ್ತದೆ, ಬಾಳೆಗೊನೆ ಹಣ್ಣಾಗಿಸುವ ಅದೇ ಅನಿಲ. ಅದು ಹೆಚ್ಚಾದರೆ ಬೇರಿನ ಬೆಳವಣಿಗೆ ನಿಲ್ಲುತ್ತದೆ. ಎಥಿಲೀನ್ ಆಗುವ ಮೊದಲಿನ ವಸ್ತು ಎಸಿಸಿ (ACC) ಎಂಬ ಅಮೈನೋ ಆಮ್ಲ. ಕೆಲವು ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಎಸಿಸಿ ಡಿಅಮಿನೇಸ್ ಎಂಬ ಕಿಣ್ವವಿದೆ. ಬೇರಿನಿಂದ ಹೊರಬಂದ ಎಸಿಸಿಯನ್ನು ಅವು ಅಮೋನಿಯಾ ಮಾಡಿ ತಮ್ಮ ಸಾರಜನಕಕ್ಕೆ ಬಳಸಿಕೊಳ್ಳುತ್ತವೆ. ಗಿಡದಲ್ಲಿ ಎಥಿಲೀನ್ ಇಳಿಯುತ್ತದೆ, ಬೇರು ಮುಂದೆ ಸಾಗುತ್ತದೆ. ಈ ಮಾದರಿಯನ್ನು 1998ರಲ್ಲಿ ಮಂಡಿಸಿದವರು ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಬರ್ನಾರ್ಡ್ ಗ್ಲಿಕ್ ಮತ್ತು ಸಂಗಡಿಗರು. ಬೀಜಕ್ಕೆ ಇಂಥ ಬ್ಯಾಕ್ಟೀರಿಯಾ ಲೇಪಿಸಿ ಬಿತ್ತುವುದು ಈ ತಿಳಿವಳಿಕೆಯಿಂದಲೇ.

ಪ್ರಯೋಗ ಮಾಡುವವರು ಹುಲ್ಲಿಲ್ಲದ ಕುಂಡವೊಂದನ್ನು ಪಕ್ಕದಲ್ಲಿ ಇಡಲೇಬೇಕು. ಡೀಸೆಲ್‌ನ ಹಗುರ ಭಾಗ ತಾನಾಗಿಯೇ ಆವಿಯಾಗುತ್ತದೆ. ಆ ಲೆಕ್ಕ ಕಳೆಯದೆ ಬೇರಿನ ಕೆಲಸವೆಷ್ಟು ಎಂದು ಹೇಳಲಾಗದು.